ಬಂಡೆ ಏರುವ ಮಗುವಿಗೆ ಬೇಕಾದ ಸಲಕರಣೆ

ತುಮಕೂರು ಜಿಲ್ಲೆಯ ಉತ್ತರದ ಸೀಮೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತರೂ ಕಲ್ಲುಗುಡ್ಡವೊಂದು ಕಣ್ಣಿಗೆ ಬಿದ್ದೇ ಬೀಳುವುದು. ಹುಲಿಕುಂಟೆ ಎಂಬ ಊರಿನ ಹೆಸರಿನಲ್ಲಿ ಹುಲಿಯೂ ಇದೆ, ಕುಂಟೆಯೂ ಇದೆ. ಹುಲಿ ಎಂದೋ ಮರೆಯಾಯಿತು. ಕುಂಟೆಯಲ್ಲಿ ನೀರು ನಿಲ್ಲುವುದು ಮಳೆರಾಯನ ಮರ್ಜಿಗೆ ಸೇರಿದ್ದು. ಎಲ್ಲಿಗೂ ಹೋಗದೆ ಉಳಿದದ್ದು ಕಲ್ಲೊಂದೇ. ಮಧುಗಿರಿಯ ಏಕಶಿಲೆ, ಅದೇ ತಾಲ್ಲೂಕಿನ ಮಿಡಿಗೇಶಿ, ಕೊರಟಗೆರೆಯ ಚನ್ನರಾಯನದುರ್ಗ ಮತ್ತು ಸಿದ್ಧರಬೆಟ್ಟ, ಪಾವಗಡದ ಕೋಟೆಬೆಟ್ಟ, ನಿಡುಗಲ್ಲು—ಒಂದನ್ನು ನೋಡಿ ಮುಗಿಸುವಷ್ಟರಲ್ಲಿ ಮತ್ತೊಂದು ತಲೆಯೆತ್ತುತ್ತದೆ. ಇಂಥ ಸೀಮೆಯ ಮಕ್ಕಳಿಗೆ ಬಂಡೆ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಕೆಯ ಹಿಂದೆ ಬರಿಗಾಲಿನಲ್ಲಿ ಓಡುವ ಹುಡುಗ, ಸೀತಾಫಲವನ್ನು ಅರಸಿ ಗುಂಡುಗಳ ಸಂದಿಯಲ್ಲಿ ನುಸುಳುವ ಹುಡುಗಿ, ಇವರೆಲ್ಲ ತಮಗೇ ಅರಿವಿಲ್ಲದಂತೆ ಆ ವಿದ್ಯೆಯ ಮೊದಲ ಪಾಠವನ್ನು ಮುಗಿಸಿದವರು.

ಎರಡನೆಯ ಪಾಠ ಮಾತ್ರ ಬೇರೆ ಬಗೆಯದು. ಮೈಗೆ ಹಗ್ಗ ಕಟ್ಟಿಕೊಂಡು, ಬಲ್ಲವರ ಕಣ್ಣೆದುರಿನಲ್ಲಿ, ಕಡಿದಾದ ಬಂಡೆಯನ್ನು ಕ್ರಮವರಿತು ಏರುವ ಶಿಲಾರೋಹಣವು ಈಗ ಜಗತ್ತಿನಾದ್ಯಂತ ಒಂದು ಕ್ರೀಡೆಯಾಗಿ ಬೆಳೆದಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅದು ಮೊದಲ ಬಾರಿಗೆ ಪದಕದ ಪಂದ್ಯವಾಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆರೋಹಣಕ್ಕೆಂದೇ ಕೃತಕ ಗೋಡೆಯೊಂದನ್ನು ಕಟ್ಟಲಾಗಿದೆ. ರಾಮನಗರ, ಬಾದಾಮಿಗಳ ಬಂಡೆಗಳನ್ನು ಹುಡುಕಿಕೊಂಡು ಹೊರದೇಶದ ಆರೋಹಿಗಳು ಬರುತ್ತಾರೆ. ಆ ಪಂದ್ಯಗಳನ್ನು ಅಂಗೈಯಗಲದ ಫೋನಿನಲ್ಲಿ ಕಂಡ ಹಳ್ಳಿಯ ಮಗು ತಾನೂ ಹಾಗೆಯೇ ಏರಬೇಕೆಂದು ಹಟ ಹಿಡಿದರೆ ಆಶ್ಚರ್ಯವೇನಿದೆ? ರಜೆಯ ಶಿಬಿರಕ್ಕೆ ಹೆಸರು ಬರೆಸಿದ್ದೂ ಆಯಿತು. ಇನ್ನು ತಂದೆತಾಯಿಗಳ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಮಗುವಿಗೆ ಏನನ್ನು ಕೊಡಿಸಬೇಕು?

ಕನ್ನಡನಾಡಿನ ಮನೆಗಳಲ್ಲಿ ಮಕ್ಕಳಿಗೆ ಏನನ್ನು ಕೊಳ್ಳುವಾಗಲೂ ಒಂದು ಮಾತು ಕೇಳಿಬರುವುದುಂಟು: "ಬೆಳೆಯೋ ಮಗು, ಒಂದಳತೆ ದೊಡ್ಡದೇ ಇರಲಿ ಬಿಡಪ್ಪ." ಶಾಲೆಯ ಅಂಗಿಗೆ ದರ್ಜಿ ನಾಲ್ಕು ಬೆರಳು ಒಳಮಡಿಕೆ ಬಿಡುತ್ತಾನೆ, ಬೂಟಿನ ಮುಂದುಗಡೆ ಹತ್ತಿ ತುರುಕಿ ಒಂದು ವರ್ಷ, ತೆಗೆದು ಇನ್ನೊಂದು ವರ್ಷ ನಡೆಸುತ್ತಾರೆ. ಆಮೇಲೆ ಅದು ತಮ್ಮನಿಗೆ, ತಂಗಿಗೆ. ಮಿತವ್ಯಯದ ಈ ಜಾಣ್ಮೆಯನ್ನು ಹಳಿಯುವವರು ಸಂಸಾರದ ಕಷ್ಟವನ್ನು ಅರಿಯದವರೇ ಸರಿ. ಆದರೆ ಬಂಡೆಯ ಮೇಲೆ ಈ ಜಾಣ್ಮೆ ತಿರುಗಿ ಬೀಳುತ್ತದೆ. ಅಲ್ಲಿ ತೊಡುವ ಸಲಕರಣೆಯು ಮುಂದಿನ ವರ್ಷದ ಮಗುವಿಗಲ್ಲ, ಇಂದಿನ ಮಗುವಿಗೆ, ಈ ಹೊತ್ತಿನ ಅದರ ಮೈಯಳತೆಗೆ ಹೊಂದಿಕೊಳ್ಳಬೇಕು. ಸಡಿಲವಾದ ಅಂಗಿಯಿಂದ ಮಗು ಜಾರಿಬೀಳುವುದಿಲ್ಲ. ಸಡಿಲವಾದ ಪಟ್ಟಿಯಿಂದ ಜಾರಿಬೀಳಬಹುದು.

ಮನೆಯ ಹಿರಿಯರ ಆಕ್ಷೇಪವೊಂದನ್ನು ಮೊದಲೇ ಕೇಳಿಬಿಡುವುದು ಲೇಸು. "ನಾವೇನು ಹಗ್ಗ ಕಟ್ಟಿಕೊಂಡು ಬೆಟ್ಟ ಹತ್ತಿದೆವೇನಯ್ಯ?" ಎಂದು ತಾತ ಕೇಳಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಪಕ್ಕದ ಚಿತ್ರದುರ್ಗದ ಕೋಟೆಗೋಡೆಗಳನ್ನು ಯಾವ ಹಗ್ಗದ ಹಂಗೂ ಇಲ್ಲದೆ ಏರುವ ಜ್ಯೋತಿರಾಜ್ 'ಕೋತಿರಾಜ'ನೆಂದೇ ನಾಡಿನಲ್ಲೆಲ್ಲ ಹೆಸರಾದವರು. ಆ ಬಗೆಯ ಸಾಹಸವು ವರ್ಷಗಟ್ಟಲೆ ಕೈಕಾಲುಗಳನ್ನು ಪಳಗಿಸಿದ ಪ್ರಾಯಸ್ಥರೊಬ್ಬರದು. ಅಪಾಯವನ್ನು ತಾವೇ ಬಲ್ಲವರಾಗಿ ಒಪ್ಪಿಕೊಂಡವರದು. ಎಂಟು ವರ್ಷದ ಮಗು ಯಾವ ಅಪಾಯವನ್ನು ತಾನೇ ತಿಳಿದು ಒಪ್ಪಿಕೊಳ್ಳಬಲ್ಲುದು? ಅದರ ಪರವಾಗಿ ಒಪ್ಪಿಕೊಳ್ಳುವವರು ತಂದೆತಾಯಿಗಳು. ಆದುದರಿಂದ ಸಲಕರಣೆಯ ಜವಾಬ್ದಾರಿಯೂ ಅವರದೇ. ತಾತನ ಕಾಲದಲ್ಲಿ ಬಿದ್ದವರ ಕಥೆಯನ್ನು ಹೇಳಲು ಬಿದ್ದವರು ಉಳಿದಿಲ್ಲವೆಂಬುದನ್ನೂ ಮರೆಯಬಾರದು.

ಈ ಸೀಮೆಯ ಬಂಡೆಯ ಸ್ವಭಾವವನ್ನು ತಿಳಿಯದೆ ಸಲಕರಣೆಯ ವಿಚಾರ ತಿಳಿಯದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ? ಅಲ್ಲಿಂದ ತುಮಕೂರು ಜಿಲ್ಲೆಯನ್ನು ಹಾಯ್ದು ಉತ್ತರಕ್ಕೆ ಸಾಗುವ ಗ್ರಾನೈಟ್ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಆ ಹಳೆಯ ಹೆಸರನ್ನೇ ಇಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬಿಸಿಲು ಮಳೆಗಳ ಹೊಡೆತಕ್ಕೆ ಸಿಕ್ಕಿ ಇಂಥ ಶಿಲೆಯ ಹೊರಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಏಳುತ್ತದೆ. ಒಳಮೈ ಉಕ್ಕಿನಂತೆ ಗಟ್ಟಿ. ಹೊರಗಿನ ಚಕ್ಕೆ ಮಾತ್ರ ನಂಬಿಕೆಗೆ ಅರ್ಹವಲ್ಲ. ಹಿಡಿಯಲು ಸಂದಿಯಾಗಲಿ ಮೂಲೆಯಾಗಲಿ ಇಲ್ಲದ ನುಣುಪಾದ ಇಳಿಜಾರುಗಳೇ ಇಲ್ಲಿ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದಲ್ಲಿರುವ ಮಧುಗಿರಿಯ ನೆತ್ತಿಗೆ ಹೋಗುವ ದಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೆಳಗೆ ಮೆಟ್ಟಿಲು, ಮೇಲೆ ಹೋದಂತೆ ಬಂಡೆಯಲ್ಲೇ ಕಡಿದ ಪುಟ್ಟ ಕುಳಿಗಳು, ಪಕ್ಕದಲ್ಲಿ ಆಧಾರಕ್ಕೆ ಕಬ್ಬಿಣದ ಸರಳು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಡಲು ಈ ದುರ್ಗವನ್ನೇ ಆರಿಸಿದನು. ಬೆಟ್ಟದ ಕಡಿದೇ ಕಾವಲುಗಾರನಾಗಿದ್ದಿತು!

ಅಂದಮೇಲೆ ಇಲ್ಲಿ ಕಲಿಯುವ ಮಗುವಿಗೆ ಎರಡು ಬಗೆಯ ಭಯ: ಮೇಲಿನಿಂದ ಉದುರುವ ಚಕ್ಕೆ, ಕಾಲಡಿಯಲ್ಲಿ ಜಾರುವ ನುಣುಪು. ಮೊದಲನೆಯದಕ್ಕೆ ಶಿರಸ್ತ್ರಾಣ, ಎಂದರೆ ಹೆಲ್ಮೆಟ್. ಎರಡನೆಯದಕ್ಕೆ ಹಗ್ಗ, ಹಗ್ಗವನ್ನು ದೇಹಕ್ಕೆ ಕೂಡಿಸುವ ಪಟ್ಟಿಗಳು, ಕಾಲಿಗೆ ಹೊಂದುವ ಬೂಟು.

ತಂದೆತಾಯಿಗಳು ಸ್ವಂತ ಹಣ ತೆತ್ತು ಮೊದಲು ಕೊಳ್ಳಬೇಕಾದದ್ದು ಹೆಲ್ಮೆಟ್. ಮನೆಯಲ್ಲಿ ಮೋಟಾರು ಸೈಕಲ್ಲಿನ ಹೆಲ್ಮೆಟ್ ಇದೆಯಲ್ಲ, ಅದು ಸಾಲದೆ ಎಂದು ಕೇಳುವವರುಂಟು. ಸಾಲದು. ಅದರ ಭಾರಕ್ಕೆ ಮಗುವಿನ ಕುತ್ತಿಗೆ ಸೋಲುತ್ತದೆ, ಕಿವಿ ಮುಚ್ಚಿ ಕೆಳಗಿನವರ ಕೂಗು ಕೇಳಿಸುವುದಿಲ್ಲ, ತಲೆಯೆತ್ತಿ ಮೇಲೆ ನೋಡಲೂ ಆಗುವುದಿಲ್ಲ. ಬೈಸಿಕಲ್ಲಿನ ಹೆಲ್ಮೆಟ್ಟಾದರೋ ಬೇರೆಯೇ ಹೊಡೆತಕ್ಕಾಗಿ ರೂಪಿಸಿದ್ದು. ಆರೋಹಣಕ್ಕೆಂದೇ ತಯಾರಾದ ಹೆಲ್ಮೆಟ್ಟಿನ ಒಳಭಾಗದಲ್ಲಿ ಇ.ಎನ್. 12492 ಎಂಬ ಯೂರೋಪಿನ ಮಾನಕದ ಸಂಖ್ಯೆಯನ್ನೋ, ಯು.ಐ.ಎ.ಎ. ಮುದ್ರೆಯನ್ನೋ ಕಾಣಬಹುದು. ಯು.ಐ.ಎ.ಎ. ಎಂಬುದು 1932ರಲ್ಲಿ ಸ್ಥಾಪಿತವಾದ ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟ. ಸಲಕರಣೆಗಳನ್ನು ಪರೀಕ್ಷೆಗೊಡ್ಡಿ ಮುದ್ರೆಯೊತ್ತುವ ಕ್ರಮವನ್ನು ಅದು 1960ರಲ್ಲಿ ಆರಂಭಿಸಿತು. ಅಂಗಡಿಯವರ ನಯವಾದ ಮಾತಿಗಿಂತ ಈ ಸಣ್ಣ ಮುದ್ರೆ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು.

ಇನ್ನು ಅಳತೆ. ನೂಲಿನಿಂದ ಮಗುವಿನ ಹಣೆಯ ಸುತ್ತಳತೆಯನ್ನು ತೆಗೆದುಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು. ಮಗುವನ್ನೇ ಕರೆದೊಯ್ದರೆ ಪೂರ್ತಿ ಮುಗಿಯಿತು. ಹೆಲ್ಮೆಟ್ಟನ್ನು ತಲೆಗಿಟ್ಟು, ಹಿಂದಿನ ತಿರುಪನ್ನು ಹದವಾಗಿ ಬಿಗಿದು, ಗಲ್ಲದ ಪಟ್ಟಿಯನ್ನು ಹಾಕದೆಯೇ ತಲೆಯಾಡಿಸಲು ಹೇಳಬೇಕು. ಹೆಲ್ಮೆಟ್ ತಲೆಯೊಡನೆ ತಿರುಗಿದರೆ ಸರಿ. ತಲೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ ಆದರೆ ಅದು ಆ ಮಗುವಿನದಲ್ಲ. ಹೆಣ್ಣುಮಕ್ಕಳಿಗೆ ಬಿಗಿಯಾಗಿ ಜಡೆ ಹಾಕುವ ಮನೆಯವರು, ಬೆಟ್ಟಕ್ಕೆ ಹೋಗುವ ದಿನ ಯಾವ ರೀತಿಯ ಜಡೆ ಹಾಕುವರೋ ಅದೇ ರೀತಿ ಹಾಕಿಯೇ ಅಳತೆ ನೋಡಬೇಕು. ಮಲ್ಲಿಗೆಯ ದಂಡೆಗೆ ಅಂದು ಬಿಡುವು.

ಹೆಲ್ಮೆಟ್ಟಿನ ವಿಷಯದಲ್ಲಿ ಬಹು ಮಂದಿಗೆ ತಿಳಿಯದ ಸಂಗತಿಯೊಂದಿದೆ. ಬೀಳುವಾಗ ಕಳಚಿಹೋಗಬಾರದೆಂದು ಆರೋಹಣದ ಹೆಲ್ಮೆಟ್ಟಿನ ಗಲ್ಲದಪಟ್ಟಿಯನ್ನು ಬಲು ಗಟ್ಟಿಯಾಗಿ ಮಾಡಿರುತ್ತಾರೆ. ಬಂಡೆಯ ಮೇಲೆ ಗುಣವಾದ ಇದೇ ಗಟ್ಟಿತನ ಹುಣಸೆಮರದ ಮೇಲೆ ದೋಷವಾಗುತ್ತದೆ. ಹೊಸ ಹೆಲ್ಮೆಟ್ಟಿನ ಸಂಭ್ರಮದಲ್ಲಿ ಮಗು ಅದನ್ನು ತೊಟ್ಟೇ ಮರ ಹತ್ತಲು ಹೋಗಿ, ಹೆಲ್ಮೆಟ್ ಕೊಂಬೆಗಳ ಕವಲಿಗೆ ಸಿಕ್ಕಿಕೊಂಡರೆ ಪಟ್ಟಿ ಬಿಚ್ಚಿಕೊಳ್ಳುವುದಿಲ್ಲ. ಕೊರಳಿಗೆ ಉರುಲಾಗುವ ಭಯವಿದೆ. ಆಟಕ್ಕೆ ಹೊರಟ ಮಗುವಿನ ತಲೆಯಿಂದ ಹೆಲ್ಮೆಟ್ಟನ್ನು ತೆಗೆದು ಒಳಗಿಡತಕ್ಕದ್ದು. ಬಿಸಿಲಿನಲ್ಲಿ ಬಿಟ್ಟರೆ ಅದು ಬೇಗ ಸವೆಯುತ್ತದೆ. ಬಣ್ಣ ಬಳಿದರೆ, ಅಂಟುಚಿತ್ರ ಮೆತ್ತಿದರೆ ಕೆಲವು ಪ್ಲಾಸ್ಟಿಕ್ಕುಗಳು ದುರ್ಬಲವಾಗುವುದುಂಟು. ಒಂದು ದೊಡ್ಡ ಹೊಡೆತ ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ತನ್ನ ಕೆಲಸವನ್ನು ಮುಗಿಸಿತೆಂದೇ ತಿಳಿಯಬೇಕು.

ಮೈಗೆ ಬಿಗಿಯುವ ಪಟ್ಟಿಗಳ ಜೋಡಣೆಗೆ ಹಾರ್ನೆಸ್ ಎಂದು ಹೆಸರು. ದೊಡ್ಡವರು ಧರಿಸುವುದು ಸೊಂಟಕ್ಕೂ ಎರಡು ತೊಡೆಗಳಿಗೂ ಪಟ್ಟಿಯಿರುವ ಹಾರ್ನೆಸ್. ಅದರ ಚಿಕ್ಕ ಅಳತೆಯದನ್ನು ಮಗುವಿಗೆ ತೊಡಿಸಿದರಾಯಿತೆಂದು ತಿಳಿಯುವುದು ಸಹಜ. ಮಗುವಿನ ಮೈಯ ರಚನೆ ಅದಕ್ಕೆ ಒಪ್ಪುವುದಿಲ್ಲ. ದೊಡ್ಡವರ ಸೊಂಟದ ಮೂಳೆಗಳು ಇಕ್ಕೆಲಗಳಲ್ಲೂ ಚಾಚಿಕೊಂಡು ಪಟ್ಟಿಯನ್ನು ಕೆಳಜಾರದಂತೆ ತಡೆಯುತ್ತವೆ. ಚಿಕ್ಕ ಮಗುವಿಗೆ ಸೊಂಟವೆಂಬುದೇ ಇಲ್ಲ, ಎದೆಯಿಂದ ತೊಡೆಯವರೆಗೆ ಒಂದೇ ಅಳತೆ. ನಿಲ್ಲದೆ ಜಾರುವ ಚಡ್ಡಿಗೆ ಉಡಿದಾರದ ಕಾವಲಿಟ್ಟ ಅಜ್ಜಿಯಂದಿರಿಗೆ ಈ ಸತ್ಯವನ್ನು ಯಾವ ಶಾಸ್ತ್ರವೂ ಹೇಳಿಕೊಡಬೇಕಾಗಿಲ್ಲ! ಸಾಲದುದಕ್ಕೆ ಮಗುವಿನ ತಲೆ ಮೈಗಿಂತ ಅನುಪಾತದಲ್ಲಿ ಭಾರವಾದದ್ದು. ಜಾರಿ ನೇತಾಡುವಾಗ ಅದು ತಲೆಕೆಳಗಾದರೆ ಸೊಂಟದ ಪಟ್ಟಿಯಿಂದ ಪೂರ್ತಿಯಾಗಿ ನುಸುಳಿಹೋಗುವ ಸಂಭವವುಂಟು.

ಇದಕ್ಕಾಗಿಯೇ ಚಿಕ್ಕ ಮಕ್ಕಳಿಗೆ ಭುಜಗಳನ್ನೂ ಬಳಸಿ ಬರುವ ಪೂರ್ಣದೇಹದ ಹಾರ್ನೆಸ್ ಉಂಟು. ಯೂರೋಪಿನ ಮಾನಕದಲ್ಲಿ 40 ಕಿಲೋಗ್ರಾಂ ತೂಕದವರೆಗಿನ ದೇಹಕ್ಕೆಂದು 'ಬಿ' ವರ್ಗ ಎಂಬ ಪ್ರತ್ಯೇಕ ವಿಭಾಗವನ್ನೇ ಮಾಡಿದ್ದಾರೆ. ಇದರಲ್ಲಿ ಹಗ್ಗವನ್ನು ಎದೆಯ ಹತ್ತಿರ ಕಟ್ಟುವುದರಿಂದ ಜಾರಿದ ಮಗು ತಲೆ ಮೇಲಾಗಿಯೇ ನಿಲ್ಲುತ್ತದೆ. ಮಗು ಬೆಳೆದು ಸೊಂಟ ಮೂಡಿದ ಮೇಲೆ ದೊಡ್ಡವರ ಬಗೆಗೆ ಬದಲಾಯಿಸಬಹುದು. ಅದಕ್ಕೆ ಇಂಥದೇ ವಯಸ್ಸೆಂದು ಗೆರೆ ಎಳೆಯುವುದಕ್ಕಿಂತ ಪರೀಕ್ಷೆಯೇ ಮೇಲು: ಸೊಂಟದ ಪಟ್ಟಿಯನ್ನು ಬಿಗಿದು ಎರಡು ಕೈಗಳಿಂದಲೂ ಬಲವಾಗಿ ಕೆಳಗೆ ಎಳೆಯಬೇಕು. ಮೂಳೆಯನ್ನು ದಾಟಿ ಇಳಿದರೆ ಮಗು ಇನ್ನೂ ಪೂರ್ಣದೇಹದ ಹಾರ್ನೆಸ್ಸಿಗೇ ಸೇರಿದ್ದು. "ಮುಂದಿನ ವರ್ಷಕ್ಕೂ ಬರಲಿ" ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಅಪಾಯವಾಗುವುದು ಇಲ್ಲಿಯೇ. ಶಿಬಿರಗಳಲ್ಲಿ ಸಾಮಾನ್ಯವಾಗಿ ಹಾರ್ನೆಸ್ಸನ್ನು ಅವರೇ ಒದಗಿಸುವರಾದ್ದರಿಂದ ಆರಂಭದಲ್ಲಿ ಇದನ್ನು ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಮಗುವಿನ ಅಳತೆಯದು ಅಲ್ಲಿ ಇದೆಯೆ ಎಂದು ಹಣ ಕಟ್ಟುವ ಮೊದಲೇ ಕೇಳುವ ಹಕ್ಕು ತಂದೆತಾಯಿಗಳಿಗಿದೆ. ಇಲ್ಲವೆಂದೋ, ದೊಡ್ಡದನ್ನೇ ಬಿಗಿದು ಕಟ್ಟುವೆವೆಂದೋ ಉತ್ತರ ಬಂದರೆ ಮಗುವನ್ನು ಮನೆಗೆ ಕರೆತರುವುದು ಹೇಡಿತನವಲ್ಲ.

ಬೂಟಿನ ಕಥೆ ಇಷ್ಟು ಗಂಭೀರವಲ್ಲದಿದ್ದರೂ ಹಣ ಪೋಲಾಗುವುದು ಅದರಲ್ಲಿಯೇ. ನುಣುಪಾದ ಗ್ರಾನೈಟಿನ ಮೇಲೆ ಮನುಷ್ಯನನ್ನು ನಿಲ್ಲಿಸುವುದು ಕೈಯಲ್ಲ, ಪಾದ. ಪಾದದಡಿಯ ರಬ್ಬರು ಬಂಡೆಯ ಮೇಲೆ ಎಷ್ಟು ಅಗಲವಾಗಿ ಊರುತ್ತದೆ, ಎಷ್ಟು ಮೆದುವಾಗಿ ಹರಳುಗಳನ್ನು ಕಚ್ಚುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಫ್ರಾನ್ಸಿನ ಪಿಯರ್ ಅಲ್ಲೆಂ ಎಂಬ ಆರೋಹಿ ಪ್ಯಾರಿಸಿನ ಬಳಿಯ ಫಾಂಟೇನ್‌ಬ್ಲೋ ಕಾಡಿನ ಗುಂಡುಗಳ ಮೇಲೆ ಅಭ್ಯಾಸ ಮಾಡುತ್ತ, ಮೊಳೆಯಿಲ್ಲದ, ನುಣುಪಾದ ರಬ್ಬರು ತಳದ ಬೂಟನ್ನು ರೂಪಿಸಿದನು. ಇಂದಿನ ಆರೋಹಣದ ಬೂಟುಗಳೆಲ್ಲ ಅದರ ಮೊಮ್ಮಕ್ಕಳೇ. ಪಂದ್ಯಗಳಲ್ಲಿ ಸ್ಪರ್ಧಿಸುವವರು ಬೆರಳುಗಳು ಮುದುರಿಕೊಳ್ಳುವಷ್ಟು ಬಿಗಿಯಾದ, ಮೂತಿ ಕೆಳಬಾಗಿದ ಬೂಟನ್ನು ಹಾಕಿಕೊಳ್ಳುತ್ತಾರೆ. ಅದನ್ನು ಕಂಡ ಮಗುವೂ ಅದನ್ನೇ ಬೇಡುತ್ತದೆ. ಕೊಡಿಸಬಾರದು. ಮಗುವಿನ ಪಾದದ ಮೂಳೆಗಳು ಇನ್ನೂ ಎಳೆಯವು. ತಳ ಸಮನಾಗಿದ್ದು, ಬೆರಳುಗಳು ನೀಟಾಗಿ ಚಾಚಿಕೊಂಡು ತುದಿಯನ್ನು ಮುಟ್ಟಿಯೂ ಮುಟ್ಟದಂತಿರುವುದೇ ಆರಂಭಿಕರಿಗೆ ಯೋಗ್ಯವಾದ ಬೂಟು. ಹಿಮ್ಮಡಿ ಎದ್ದುಬರುವಷ್ಟು ದೊಡ್ಡದೂ ಸಲ್ಲದು. ಹತ್ತಿ ತುರುಕುವ ಉಪಾಯ ಇಲ್ಲಿ ನಡೆಯದು, ಏಕೆಂದರೆ ಹೆಬ್ಬೆರಳಿನ ಕೆಳಗೆ ಬಂಡೆ ಇದೆಯೋ ಹತ್ತಿ ಇದೆಯೋ ಎಂಬುದು ಮಗುವಿಗೆ ತಿಳಿಯಲೇಬೇಕು.

ಹೀಗೆ ತಕ್ಕ ಅಳತೆಯದನ್ನು ಕೊಂಡರೆ ಕೆಲವೇ ತಿಂಗಳಲ್ಲಿ ಚಿಕ್ಕದಾಗುವುದಲ್ಲ ಎಂಬ ಚಿಂತೆ ನ್ಯಾಯವಾದದ್ದೇ. ಮೊದಲ ಶಿಬಿರಕ್ಕೆ ತೆಳುತಳದ, ಸವೆಯದ ಕ್ಯಾನ್‌ವಾಸ್ ಬೂಟು ಸಾಕು; ಅಥವಾ ಶಿಬಿರದ ಬೂಟನ್ನೇ ಬಾಡಿಗೆಗೆ ಪಡೆಯಬಹುದು. ಮಗು ಎರಡು ಮೂರು ಬಾರಿ ಹೋಗಿಬಂದು, ಮೊಣಕಾಲು ತರಚಿಸಿಕೊಂಡ ಮೇಲೂ "ಮತ್ತೆ ಯಾವಾಗ?" ಎಂದು ಕೇಳಿದರೆ ಆಗ ಕೊಳ್ಳೋಣವಾಗಲಿ. ಅಣ್ಣನಿಂದ ತಂಗಿಗೆ ಧಾರಾಳವಾಗಿ ದಾಟಬಹುದಾದ ಸಲಕರಣೆ ಬೂಟೊಂದೇ. ತಳ ಸವೆದಿದ್ದರೆ ಕಾಲು ಜಾರೀತು, ಹಗ್ಗ ಹಿಡಿದುಕೊಳ್ಳುತ್ತದೆ.

ಹಿಮ ಬೀಳುವ ನಾಡುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಚಳಿಗಾಲ ಬಂತೆಂದರೆ ಇದೇ ಸಮಸ್ಯೆ. ಅಮೆರಿಕದ ಕೊಲರಾಡೊ, ಕೆನಡಾದ ಆಲ್ಬರ್ಟಾಗಳಲ್ಲಿ ಮಕ್ಕಳು ಕೇಳುವುದು ಸ್ನೋಬೋರ್ಡನ್ನು, ಎಂದರೆ ಎರಡು ಕಾಲುಗಳನ್ನೂ ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವ ಒಂಟಿ ಹಲಗೆಯನ್ನು. ನೆಟ್ಟಗೆ ನಿಲ್ಲಿಸಿದಾಗ ಮಗುವಿನ ಎದೆಗೂ ಗಲ್ಲಕ್ಕೂ ನಡುವೆ ಬರುವ ಮೆದು ಹಲಗೆ ಕಲಿಯುವವರಿಗೆ ಹಿತ. ಬೆಳೆಯುವ ಮಗುವೆಂದು ಉದ್ದದ ಹಲಗೆಯನ್ನು ಕೊಟ್ಟರೆ ಅದನ್ನು ತಿರುಗಿಸಲಾರದೆ ಮಗು ಬೀಳುತ್ತದೆ, ಎರಡನೆಯ ದಿನ ಆಟವೇ ಬೇಡವೆನ್ನುತ್ತದೆ. ಅಲ್ಲಿಯ ಅನೇಕ ಅಂಗಡಿಗಳು ಹಲಗೆ, ಬೂಟುಗಳನ್ನು ಇಡೀ ಋತುವಿಗೆ ಬಾಡಿಗೆಗೆ ಕೊಡುತ್ತವೆ. ಮುಂದಿನ ವರ್ಷ ಮಗು ಬೆಳೆದಿದ್ದರೆ ಬೇರೆ ಅಳತೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಹಿಮದ ಮೇಲಿನ ಸ್ಕೀ ಓಟದಲ್ಲಿ ಭಾರತದ ಪರವಾಗಿ ಸ್ಪರ್ಧಿಸಿರುವುದನ್ನು ನೆನೆದರೆ ಹಿಮದಾಟಗಳೂ ಕನ್ನಡನಾಡಿಗೆ ತೀರ ದೂರದವಲ್ಲ. ಈ ಬಾಡಿಗೆಯ ಪದ್ಧತಿ ಬಂಡೆಸೀಮೆಯ ಶಾಲೆಗಳಿಗೂ ಒಪ್ಪುವಂಥದು. ಒಂದು ಶಾಲೆ ನಾಲ್ಕು ಅಳತೆಯ ಬೂಟುಗಳನ್ನು ಇಟ್ಟುಕೊಂಡರೆ ನಲವತ್ತು ಮಕ್ಕಳು ಏರಬಲ್ಲರು. ನಲವತ್ತು ಮನೆಗಳು ಸಾಲ ಮಾಡಬೇಕಾಗಿಲ್ಲ.

ಹಗ್ಗವನ್ನು ಕಲಿಯುವ ಮಗುವಿನ ಮನೆಯವರು ಕೊಳ್ಳಲೇಬಾರದು. ಅದು ಶಿಕ್ಷಕರ ಸ್ವತ್ತು, ಶಿಕ್ಷಕರ ಹೊಣೆ. ಹೀಗಿದ್ದರೂ ಅದರ ಗುಣವನ್ನು ತಿಳಿದಿರಬೇಕು. ಹಿತ್ತಲಿನ ಬಾವಿಹಗ್ಗವೂ, ಲಾರಿಗೆ ಬಿಗಿಯುವ ನೈಲಾನ್ ಹಗ್ಗವೂ ಭಾರ ಹೊರುವುದರಲ್ಲಿ ಗಟ್ಟಿಗರೇ. ಆದರೆ ಬೀಳುವ ದೇಹವನ್ನು ಹಿಡಿಯುವುದೇ ಬೇರೆ. ಹಿಗ್ಗದ ಹಗ್ಗ ಬಿದ್ದವನನ್ನು ಒಮ್ಮೆಗೇ ಜಗ್ಗಿ ನಿಲ್ಲಿಸುವುದರಿಂದ ಆ ಎಳೆತವೇ ಪೆಟ್ಟಾಗುತ್ತದೆ. ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗವನ್ನು ಜರ್ಮನಿಯ ಎಡೆಲ್‌ರಿಡ್ ಸಂಸ್ಥೆ 1953ರಲ್ಲಿ ರೂಪಿಸಿತು. ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟನ್ನು ಏರಿದ್ದೂ ಅದೇ ವರ್ಷ. ಈಗಿನ ಮಾನಕದಂತೆ ಒಂಟಿಯಾಗಿ ಬಳಸುವ ಆರೋಹಣದ ಹಗ್ಗವು 80 ಕಿಲೋಗ್ರಾಂ ಭಾರದ ಕನಿಷ್ಠ ಐದು ಕಠಿಣ ಬೀಳುವಿಕೆಗಳನ್ನು ಪರೀಕ್ಷೆಯಲ್ಲಿ ತಡೆಯಬೇಕು. ಮೊದಲ ಬೀಳುವಿಕೆಯಲ್ಲಿ ತನ್ನ ಉದ್ದದ ನೂರಕ್ಕೆ 40ಕ್ಕಿಂತ ಹೆಚ್ಚು ಹಿಗ್ಗಲೂ ಬಾರದು. ಬಾವಿಯ ಹಗ್ಗವನ್ನು ಯಾರೂ ಹೀಗೆ ಪರೀಕ್ಷಿಸಿಲ್ಲ.

ಹಗ್ಗವನ್ನು ಹಾರ್ನೆಸ್ಸಿಗೂ ಆಧಾರಕ್ಕೂ ಸೇರಿಸುವ ಲೋಹದ ಕೊಂಡಿಗೆ ಕ್ಯಾರಬೀನರ್ ಎನ್ನುತ್ತಾರೆ. ಬಣ್ಣಬಣ್ಣದ ಅಂಥದೇ ಕೊಂಡಿಗಳು ಜಾತ್ರೆಯ ಅಂಗಡಿಗಳಲ್ಲಿ ಬೀಗದ ಕೈ ನೇತುಹಾಕಲು ದೊರೆಯುತ್ತವೆ. ನೋಟಕ್ಕೆ ಎರಡೂ ಒಂದೇ. ಆರೋಹಣದ ಕೊಂಡಿಯ ಬೆನ್ನಿನ ಮೇಲೆ ಅದು ತಾಳುವ ಬಲದ ಅಂಕಿಯನ್ನು ಕೆತ್ತಿರುತ್ತಾರೆ, ಜಾತ್ರೆಯದರ ಮೇಲೆ ಇರುವುದಿಲ್ಲ. ಮಗುವಿನ ಪೆಟ್ಟಿಗೆಯಲ್ಲಿ ಬೀಗದ ಕೊಂಡಿ ಕಂಡರೆ ಬೆಟ್ಟಕ್ಕೆ ಹೊರಡುವ ಮೊದಲೇ ಅದನ್ನು ತೆಗೆದಿಡುವುದು ಕ್ಷೇಮ. ಕೈ ಬೆವರನ್ನು ಹೀರುವ ಸೀಮೆಸುಣ್ಣದಂಥ ಪುಡಿ, ಬೆನ್ನಿನ ಚೀಲ, ವಿಶೇಷ ಷರಾಯಿ ಇವು ಯಾವುವೂ ಆರಂಭಿಕರಿಗೆ ಬೇಕಿಲ್ಲ. ಬೆರಳಿನಲ್ಲಿ ಜೋತುಬೀಳಲು ಗೋಡೆಗೆ ಹೊಡೆಯುವ ಮರದ ಹಲಗೆಯನ್ನಂತೂ ಬೆಳೆಯುವ ಮಕ್ಕಳ ಹತ್ತಿರ ಸುಳಿಯಗೊಡಬಾರದು. ಬೆರಳಿನ ಮೂಳೆಗಳು ಬೆಳೆಯುವ ಜಾಗವೇ ಬಿರಿದ ಪ್ರಸಂಗಗಳನ್ನು ವೈದ್ಯರು ಕಂಡಿದ್ದಾರೆ.

ಸಲಕರಣೆಯೆಲ್ಲ ಸರಿಯಿದ್ದರೂ ಬೆಟ್ಟಕ್ಕೆ ಅದರದೇ ನಿಯಮಗಳಿವೆ. ಮಧುಗಿರಿಯ ಹೆಸರಿನಲ್ಲೇ ಜೇನಿದೆ. ಇಂಥ ಕಡಿಬಂಡೆಗಳಿಗೆ ಹೆಜ್ಜೇನು ಕಟ್ಟುವುದು ಹಳ್ಳಿಯವರಿಗೆ ತಿಳಿದದ್ದೇ. ಹಲ್ಲೆ ಕಂಡ ಕಡೆಗೆ ಮಕ್ಕಳನ್ನು ಒಯ್ಯಲಾಗದು. ಕೋಟೆಗಳು ಸಂರಕ್ಷಿತ ಸ್ಮಾರಕಗಳಾಗಿರುವಲ್ಲಿ ಬಂಡೆಗೆ ಮೊಳೆ ಹೊಡೆಯುವುದು ಅಪರಾಧ. ಅಭ್ಯಾಸಕ್ಕೆ ಬೇರೆ ಗುಂಡನ್ನು ಆರಿಸಿಕೊಳ್ಳಬೇಕು, ಅನುಮತಿಯನ್ನೂ ಪಡೆಯಬೇಕು. ಮಳೆ ಬಿದ್ದ ದಿನ ಏರಲೇಬಾರದು. ಹೊತ್ತೇರಿದಂತೆ ಕಲ್ಲು ಕಾಯುತ್ತದೆ. ಬೆಳಗಿನ ತಂಪಿನಲ್ಲಿ ಬೆಟ್ಟದ ಬುಡದಲ್ಲಿ ನಿಂತು, ಮಗುವಿನ ಬಕ್ಕಲುಗಳನ್ನೂ ಹಗ್ಗದ ಎಂಟರಾಕಾರದ ಗಂಟನ್ನೂ ಶಿಕ್ಷಕರು ಒಮ್ಮೆ, ಹಗ್ಗ ಹಿಡಿಯುವವರು ಇನ್ನೊಮ್ಮೆ ಮುಟ್ಟಿ ನೋಡಿದ ಮೇಲೆಯೇ ಮೊದಲ ಹೆಜ್ಜೆ.

ಹಳೆಯ ಸಲಕರಣೆಯನ್ನು ಕೊಳ್ಳುವ ವಿಚಾರದಲ್ಲಿ ಒಂದು ಮಾತು. ಬೂಟನ್ನು ಬಿಟ್ಟರೆ ಉಳಿದ ಯಾವುದನ್ನೂ ಗುರುತಿಲ್ಲದವರಿಂದ ಕೊಳ್ಳಕೂಡದು. ಹಾರ್ನೆಸ್ಸಿನ ನೂಲು ಎಷ್ಟು ಬಿಸಿಲು ಕಂಡಿದೆ, ಅದರ ಮೇಲೆ ಬ್ಯಾಟರಿಯ ಆಮ್ಲ ಚೆಲ್ಲಿತ್ತೆ, ಹೆಲ್ಮೆಟ್ ಯಾವ ಕಲ್ಲಿಗೆ ಬಡಿದಿತ್ತು ಎಂಬುದನ್ನು ಕಣ್ಣು ಹೇಳಲಾರದು. ಸ್ವಂತ ಮನೆಯ ಅಣ್ಣನದಾದರೆ ಅದರ ಚರಿತ್ರೆ ಮನೆಯವರಿಗೆ ತಿಳಿದಿರುತ್ತದೆ. ತಯಾರಕರು ಹೇಳಿದ ಆಯುಸ್ಸು ಮುಗಿದಿರದೆ, ಅಳತೆಯೂ ಕೂಡಿಬಂದರೆ ಬಳಸಬಹುದು. ಆಯುಸ್ಸು ಮುಗಿದ ಹಗ್ಗವನ್ನು ಎಸೆಯಲು ಹಳ್ಳಿಯಲ್ಲಿ ಯಾರಿಗೂ ಮನಸ್ಸು ಬಾರದು, ಎಸೆಯಬೇಕಾಗಿಯೂ ಇಲ್ಲ. ಕರು ಕಟ್ಟಲು ಅದಕ್ಕಿಂತ ಒಳ್ಳೆಯ ಹಗ್ಗವುಂಟೆ? ಆದರೆ ಕೊಟ್ಟಿಗೆಗೆ ಒಯ್ಯುವ ಮೊದಲು ಅದನ್ನು ಎರಡೆರಡು ಮಾರಿನ ತುಂಡುಗಳಾಗಿ ಕತ್ತರಿಸಿಬಿಡಬೇಕು. ಇಡಿಯಾಗಿ ತೊಲೆಗೆ ಸುತ್ತಿಟ್ಟರೆ ಮುಂದಿನ ಬೇಸಿಗೆಯಲ್ಲಿ ಯಾವನಾದರೂ ಹುಡುಗ ಅದನ್ನು ಹೆಗಲಿಗೇರಿಸಿಕೊಂಡು ಗುಡ್ಡದ ಕಡೆಗೆ ನಡೆದಾನು.